ಪುಣೆಯಲ್ಲಿ ನಕ್ಷತ್ರಗಳ ಬೆಳಕು ಸೀಳಿ ನೋಡಿದ ಮೇಷ್ಟ್ರು: ಕಾವಸ್‌ಜಿ ನಾಯಗಾಮವಾಲಾ ಕಟ್ಟಿದ ವೀಕ್ಷಣಾಲಯ 24 ವರ್ಷಕ್ಕೇ ಮುಚ್ಚಿದ್ದೇಕೆ?

ಪುಣೆಯ ಇಂಜಿನಿಯರಿಂಗ್ ಕಾಲೇಜು ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವ ಹೆಸರು ಸರ್ ಎಂ. ವಿಶ್ವೇಶ್ವರಯ್ಯ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು 1880ರ ದಶಕದ ಆರಂಭದಲ್ಲಿ ಅವರು ಓದಿದ್ದು ಇಲ್ಲೇ. ಆಗ ಅದರ ಹೆಸರು ಕಾಲೇಜ್ ಆಫ್ ಸೈನ್ಸ್. ವಿಶ್ವೇಶ್ವರಯ್ಯ ಕಾಲೇಜು ಬಿಟ್ಟ ಕೆಲವೇ ವರ್ಷಗಳಲ್ಲಿ ಅದೇ ಕಾಲೇಜಿಗೆ ಮುಂಬೈಯಿಂದ ಒಬ್ಬ ಭೌತವಿಜ್ಞಾನದ ಮೇಷ್ಟ್ರು ಬಂದರು. ಹಗಲು ಪಾಠ ಮಾಡಿ, ರಾತ್ರಿ ನಕ್ಷತ್ರಗಳ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಲು ಅಲ್ಲೊಂದು ವೀಕ್ಷಣಾಲಯ ಕಟ್ಟಿಸಿದರು. ಅವರೇ ಕಾವಸ್‌ಜಿ ದಾದಾಭಾಯಿ ನಾಯಗಾಮವಾಲಾ.

ಇಂದು ಪುಣೆ ಭಾರತದ ಖಗೋಳ ವಿಜ್ಞಾನದ ದೊಡ್ಡ ಕೇಂದ್ರಗಳಲ್ಲಿ ಒಂದು. ಆದರೆ ಆ ಊರಿಗೆ ಈ ವಿದ್ಯೆಯನ್ನು ಮೊದಲು ತಂದ ಪಾರ್ಸಿ ಪ್ರಾಧ್ಯಾಪಕರ ಹೆಸರು ಕೇಳಿದವರು ಕಡಿಮೆ. ತಮ್ಮ ಕಾಲದಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆಗಿದ್ದ, ದೇಶದ ಅತಿ ದೊಡ್ಡ ದೂರದರ್ಶಕ ಕೈಯಲ್ಲಿದ್ದ ವ್ಯಕ್ತಿಯ ಕೆಲಸ ಮುಂದುವರಿಯದೆ ಹೋಯಿತು. ಇಷ್ಟಕ್ಕೂ ಆಗಿದ್ದೇನು?

ಮಹಾರಾಜರ 5 ಸಾವಿರ ರೂಪಾಯಿ

ನಾಯಗಾಮವಾಲಾ ಹುಟ್ಟಿದ್ದು 1857ರಲ್ಲಿ. ಓದಿದ್ದು ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ. 1878ರಲ್ಲಿ ಎಂ.ಎ. ಮುಗಿಸಿದಾಗ ವಿಶ್ವವಿದ್ಯಾಲಯದ ಕುಲಾಧಿಪತಿಗಳ ಪದಕ ಅವರದಾಗಿತ್ತು. 1882ರಲ್ಲಿ ಅದೇ ಕಾಲೇಜಿನಲ್ಲಿ ಪ್ರಾಯೋಗಿಕ ಭೌತವಿಜ್ಞಾನದ ಉಪನ್ಯಾಸಕರಾದರು. ಆಗ ಅವರ ವಯಸ್ಸು 25.

ಅದೇ ವರ್ಷ ಸೌರಾಷ್ಟ್ರದ ಭಾವನಗರ ಸಂಸ್ಥಾನದ ಮಹಾರಾಜ ತಖ್ತಸಿಂಹಜಿ ಕಾಲೇಜಿಗೆ ಭೇಟಿ ಕೊಟ್ಟರು. ಮಹಾರಾಜರಿಗೂ ಹೆಚ್ಚುಕಡಿಮೆ ಮೇಷ್ಟ್ರ ವಯಸ್ಸೇ. ಶಿಕ್ಷಣಕ್ಕೆ, ಆಸ್ಪತ್ರೆಗೆ ಹಣ ಕೊಡುವುದರಲ್ಲಿ ಅವರದು ಎತ್ತಿದ ಕೈ. ಭಾವನಗರದ ಸಾಮಳದಾಸ್ ಕಾಲೇಜು ಶುರುವಾಗಿದ್ದು ಅವರ ಆಳ್ವಿಕೆಯಲ್ಲೇ. 1888ರಲ್ಲಿ ಗಾಂಧೀಜಿ ಸ್ವಲ್ಪ ಕಾಲ ಓದಿದ್ದು ಆ ಕಾಲೇಜಿನಲ್ಲೇ ಎಂಬುದು ಗಮನಾರ್ಹ.

ರೋಹಿತ ವಿಜ್ಞಾನದ ಪ್ರಯೋಗಾಲಯವೊಂದನ್ನು ಸ್ಥಾಪಿಸಲೆಂದು ಮಹಾರಾಜರು 5,000 ರೂಪಾಯಿ ಕೊಟ್ಟರು. ಮುಂಬೈ ಸರ್ಕಾರ ಅಷ್ಟೇ ಮೊತ್ತವನ್ನು ಸೇರಿಸಿತು. ಉಪಕರಣ ಕೊಳ್ಳಲು ನಾಯಗಾಮವಾಲಾ 1884ರಲ್ಲಿ ಇಂಗ್ಲೆಂಡಿಗೆ ಹೊರಟರು.

ಹೋಗುವಾಗ ಮನಸ್ಸಿನಲ್ಲಿದ್ದದ್ದು ಕಾಲೇಜಿನ ಒಂದು ಕೊಠಡಿಯ ಪ್ರಯೋಗಾಲಯ ಮಾತ್ರ. ಬರುವಾಗ ಯೋಜನೆ ದೊಡ್ಡದಾಗಿತ್ತು. ಬ್ರಿಟನ್ನಿನ ರಾಜ ಖಗೋಳಜ್ಞ ವಿಲಿಯಂ ಕ್ರಿಸ್ಟಿ ಮತ್ತು ಸೂರ್ಯನ ಅಧ್ಯಯನದಲ್ಲಿ ಹೆಸರು ಮಾಡಿದ್ದ ನಾರ್ಮನ್ ಲಾಕಿಯರ್ ಅವರ ಸಲಹೆ ಬೇರೆಯೇ ಆಗಿತ್ತು. ಪ್ರಯೋಗಾಲಯದಲ್ಲಿ ಜ್ವಾಲೆ ನೋಡಿಕೊಂಡು ಕೂರುವ ಬದಲು ಅದೇ ಉಪಕರಣವನ್ನು ಆಕಾಶಕ್ಕೆ ತಿರುಗಿಸುವುದು ಮೇಲು ಎಂಬುದು ಅವರ ಅಭಿಪ್ರಾಯ. ಭಾರತದ ಆಕಾಶ ಇಂಗ್ಲೆಂಡಿನ ಆಕಾಶಕ್ಕಿಂತ ಎಷ್ಟೋ ಹೆಚ್ಚು ದಿನ ತಿಳಿಯಾಗಿರುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿದ್ದ ವಿಷಯವೇ.

ವೀಕ್ಷಣಾಲಯಕ್ಕೆ ಮುಂಬೈಗಿಂತ ಪುಣೆ ವಾಸಿ ಎಂದು ತೀರ್ಮಾನವಾಯಿತು. ಮೇಷ್ಟ್ರನ್ನೂ ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ವರ್ಗಾಯಿಸಲಾಯಿತು. 1888ರಲ್ಲಿ ಮಹಾರಾಜ ತಖ್ತಸಿಂಹಜಿ ವೀಕ್ಷಣಾಲಯ ಸಿದ್ಧವಾಯಿತು. ನಕ್ಷತ್ರಗಳು ಎಲ್ಲಿವೆ ಎಂದು ಅಳೆಯುವುದಕ್ಕಲ್ಲ, ಅವು ಯಾವುದರಿಂದ ಆಗಿವೆ ಎಂದು ತಿಳಿಯುವುದಕ್ಕಾಗಿ ಭಾರತದಲ್ಲಿ ಆಧುನಿಕ ರೀತಿಯಲ್ಲಿ ಕಟ್ಟಿದ ಮೊದಲ ವೀಕ್ಷಣಾಲಯ ಅದು. ಇಲ್ಲಿನ ಮುಖ್ಯ ಉಪಕರಣ ಡಬ್ಲಿನ್‌ನ ಗ್ರಬ್ ಕಂಪನಿಯ 20 ಇಂಚಿನ ದೂರದರ್ಶಕ. ಸುಮಾರು 51 ಸೆಂ.ಮೀ. ಅಗಲದ ಕನ್ನಡಿಯ ಈ ದೂರದರ್ಶಕ ಮುಂದೆ ಹಲವು ದಶಕಗಳ ಕಾಲ ದೇಶದಲ್ಲೇ ಅತಿ ದೊಡ್ಡದಾಗಿತ್ತು.

ಏನಿದು ರೋಹಿತ?

ಅಡುಗೆ ಮಾಡುವಾಗ ಗ್ಯಾಸ್ ಒಲೆಯ ನೀಲಿ ಜ್ವಾಲೆಗೆ ಒಂದಿಷ್ಟು ಉಪ್ಪು ಬಿದ್ದರೆ ಜ್ವಾಲೆ ಹಳದಿಯಾಗುವುದನ್ನು ನೀವು ನೋಡಿರುತ್ತೀರಿ. ಆ ಹಳದಿ ಉಪ್ಪಿನಲ್ಲಿರುವ ಸೋಡಿಯಂನದು. ದೀಪಾವಳಿಯ ಪಟಾಕಿಯಲ್ಲಿ ಕೆಂಪು ಬಣ್ಣ ಸ್ಟ್ರಾನ್ಷಿಯಂನಿಂದ, ಹಸಿರು ಬೇರಿಯಂನಿಂದ ಬರುತ್ತದೆ. ಪ್ರತಿ ಮೂಲವಸ್ತುವಿಗೂ ತನ್ನದೇ ಬಣ್ಣದ ಗುರುತಿದೆ.

ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಅದು ಕಾಮನಬಿಲ್ಲಿನ ಹಾಗೆ ಪಟ್ಟಿಯಾಗಿ ಹರಡುತ್ತದೆ. ಇದೇ ರೋಹಿತ. ಆ ಪಟ್ಟಿಯಲ್ಲಿ ಕಾಣುವ ಸಣ್ಣ ಗೆರೆಗಳು ಬೆಳಕು ಎಂಥ ಅನಿಲದಿಂದ ಬಂತು ಎಂಬುದನ್ನು ಹೇಳುತ್ತವೆ. ಜರ್ಮನಿಯ ಕಿರ್ಕಾಫ್ ಮತ್ತು ಬುನ್ಸೆನ್ 1859ರ ಹೊತ್ತಿಗೆ ಈ ಗುರುತುಗಳನ್ನು ಓದುವ ಕ್ರಮವನ್ನು ಗಟ್ಟಿ ಮಾಡಿದರು. ನಕ್ಷತ್ರವನ್ನು ಮುಟ್ಟದೆ, ಅಲ್ಲಿಗೆ ಹೋಗದೆ, ಅದರೊಳಗೆ ಏನಿದೆ ಎಂದು ಹೇಳಲು ಸಾಧ್ಯವಾದದ್ದು ಆ ನಂತರವೇ.

ಈ ವಿದ್ಯೆ ದಕ್ಷಿಣ ಭಾರತಕ್ಕೆ ಬಂದದ್ದು ಗ್ರಹಣದ ಜೊತೆ. 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣ ನೋಡಲು ಯುರೋಪಿನ ತಂಡಗಳು ಬಂದವು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿದ್ದರು. ಖ್ಯಾತ ಖಗೋಳಜ್ಞರ ಮನೆತನದ ಲೆಫ್ಟಿನೆಂಟ್ ಜಾನ್ ಹರ್ಷಲ್ ರೋಹಿತದರ್ಶಕ ಹಿಡಿದು ನಿಂತಿದ್ದು ನಮ್ಮ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಸೂರ್ಯನ ಅಂಚಿನಿಂದ ಏಳುವ ಜ್ವಾಲೆಗಳು ಉರಿಯುವ ಅನಿಲ ಎಂಬುದು ಆ ದಿನ ಖಚಿತವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಾಕಿಯರ್ ಇಂಗ್ಲೆಂಡಿನಲ್ಲೇ ಕುಳಿತು, ಗ್ರಹಣವಿಲ್ಲದೆಯೇ ಆ ಜ್ವಾಲೆಗಳ ಗೆರೆಗಳನ್ನು ನೋಡಿದರು. ಅದರಲ್ಲಿದ್ದ ಒಂದು ಹಳದಿ ಗೆರೆ ಭೂಮಿಯ ಯಾವ ವಸ್ತುವಿಗೂ ಹೊಂದಲಿಲ್ಲ. ಹೀಲಿಯಂ ಎಂಬ ಹೆಸರು ಬಂದದ್ದು ಹಾಗೆ. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ.

ಆ ಗ್ರಹಣವಾದಾಗ ನಾಯಗಾಮವಾಲಾಗೆ 11 ವರ್ಷ. ಮುಂದೆ ಅವರಿಗೆ ಮಾರ್ಗದರ್ಶನ ಮಾಡಿದ್ದು ಅದೇ ಲಾಕಿಯರ್.

ಗುರುವಿನ ಸಿದ್ಧಾಂತಕ್ಕೆ ಪುಣೆಯಿಂದ ಪೆಟ್ಟು

ನಾಯಗಾಮವಾಲಾ ಅವರ ಕೆಲಸದಲ್ಲಿ ಹೆಚ್ಚು ಚರ್ಚೆಗೆ ಯೋಗ್ಯವಾದದ್ದು ಮಹಾವ್ಯಾಧ ನೀಹಾರಿಕೆಯ ಅಧ್ಯಯನ. ಚಳಿಗಾಲದ ರಾತ್ರಿ ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳ ಕೆಳಗೆ ಮಸುಕಾಗಿ ಕಾಣುವ ಚುಕ್ಕೆಯೇ ಆ ನೀಹಾರಿಕೆ. ಅದರ ರೋಹಿತದಲ್ಲಿ ಒಂದು ಹಸಿರು ಗೆರೆ ಎದ್ದು ಕಾಣುತ್ತದೆ. ಯಾವ ವಸ್ತುವಿನ ಗೆರೆ ಅದು? 19ನೇ ಶತಮಾನದ ಕೊನೆಯಲ್ಲಿ ಯುರೋಪಿನ ಖಗೋಳಜ್ಞರು ಇದರ ಮೇಲೆ ಬಿರುಸಿನ ವಾದ ಮಾಡುತ್ತಿದ್ದರು.

ಲಾಕಿಯರ್ ಆಗ ಒಂದು ಮಹಾ ಸಿದ್ಧಾಂತ ಹೂಡಿದ್ದರು. ಆಕಾಶಕಾಯಗಳೆಲ್ಲ ಉಲ್ಕೆಗಳ ಗುಂಪು ಒಂದಕ್ಕೊಂದು ಡಿಕ್ಕಿ ಹೊಡೆದು ಹುಟ್ಟಿದವು ಎಂಬುದು ಅದರ ತಿರುಳು. ಉಲ್ಕೆಗಳಲ್ಲಿ ಮೆಗ್ನೀಸಿಯಂ ಇದೆ. ಉರಿಯುವ ಮೆಗ್ನೀಸಿಯಂನ ರೋಹಿತದಲ್ಲಿ, ಹೆಚ್ಚುಕಡಿಮೆ ಆ ಹಸಿರು ಗೆರೆಯ ಜಾಗದಲ್ಲೇ, ಒಂದು ಕಡೆ ಚೂಪಾಗಿ ಇನ್ನೊಂದು ಕಡೆಗೆ ಮಬ್ಬಾಗುತ್ತ ಹೋಗುವ ಪಟ್ಟಿಯೊಂದಿದೆ. ನೀಹಾರಿಕೆಯ ಗೆರೆ ಆ ಪಟ್ಟಿಯ ಉಳಿಕೆಯೇ ಎಂದು ಲಾಕಿಯರ್ ವಾದಿಸಿದರು. ವಿಲಿಯಂ ಹಗಿನ್ಸ್ ಅವರಂಥ ಹಿರಿಯರು ಒಪ್ಪಲಿಲ್ಲ.

ಇದನ್ನು ಪರೀಕ್ಷಿಸುವ ದಾರಿ ಸರಳವಾಗಿತ್ತು. ಗೆರೆ ಮೆಗ್ನೀಸಿಯಂನದಾದರೆ ಅದರ ಒಂದು ಅಂಚು ಮಬ್ಬಾಗಿರಬೇಕು. ಬೇರೆ ಅನಿಲದ್ದಾದರೆ ಎರಡೂ ಅಂಚು ಚೂಪಾಗಿರಬೇಕು. ಆದರೆ ಅದನ್ನು ಹೇಳಲು ಒಳ್ಳೆಯ ದೂರದರ್ಶಕ, ಬೆಳಕನ್ನು ಚೆನ್ನಾಗಿ ಹರಡಬಲ್ಲ ರೋಹಿತದರ್ಶಕ ಮತ್ತು ತಿಳಿಯಾದ ಆಕಾಶ ಮೂರೂ ಬೇಕು. ಪುಣೆಯಲ್ಲಿ ಮೂರೂ ಇದ್ದವು.

ನಾಯಗಾಮವಾಲಾ ಆ ಗೆರೆಯನ್ನು ಬೇರೆ ಬೇರೆ ಸ್ಥಿತಿಯಲ್ಲಿ ನೋಡಿದರು. ಪ್ರತಿ ಸಲವೂ ಅದು ಚೂಪಾಗಿಯೇ ಕಂಡಿತು. 1891ರಲ್ಲಿ ಅವರು ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಪ್ರಕಟಿಸಿದರು. ಫಲಿತಾಂಶ ಲಾಕಿಯರ್ ಅವರ ಸಿದ್ಧಾಂತಕ್ಕೆ ವಿರುದ್ಧವಾಗಿತ್ತು.

ಆಗಿನ ಪರಿಸ್ಥಿತಿಯಲ್ಲಿ ಇದರ ತೂಕ ಎಷ್ಟೆಂದು ಯೋಚಿಸಿ. ಲಾಕಿಯರ್ ಎಂದರೆ ನೇಚರ್ ಪತ್ರಿಕೆಯನ್ನು 1869ರಲ್ಲಿ ಆರಂಭಿಸಿದವರು, ಬ್ರಿಟಿಷ್ ವಿಜ್ಞಾನ ವಲಯದಲ್ಲಿ ಭಾರಿ ಪ್ರಭಾವಿ. ಪುಣೆಯ ವೀಕ್ಷಣಾಲಯಕ್ಕೆ ದಾರಿ ತೋರಿಸಿದವರೇ ಅವರು. ನಾಯಗಾಮವಾಲಾ ವಸಾಹತಿನ ಒಂದು ಕಾಲೇಜಿನ 34 ವರ್ಷದ ಮೇಷ್ಟ್ರು. ಗುರುವಿಗೆ ಅನುಕೂಲವಾದದ್ದನ್ನು ನೋಡಿದೆ ಎನ್ನುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಅಮೆರಿಕದ ಲಿಕ್ ವೀಕ್ಷಣಾಲಯದ ಜೇಮ್ಸ್ ಕೀಲರ್ ಅವರ ಕರಾರುವಾಕ್ಕಾದ ಅಳತೆಗಳೂ ಲಾಕಿಯರ್ ವಿರುದ್ಧವೇ ಬಂದವು.

ಹಾಗಾದರೆ ಆ ಹಸಿರು ಗೆರೆ ಯಾವುದರದು? ಉತ್ತರ ಸಿಗಲು 1927ರವರೆಗೆ ಕಾಯಬೇಕಾಯಿತು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಅತಿ ವಿರಳ ಸ್ಥಿತಿಯಲ್ಲಿ ಕೊಡುವ ಬೆಳಕು ಅದು ಎಂದು ಅಮೆರಿಕದ ಇರಾ ಬೋವೆನ್ ತೋರಿಸಿದರು. ನಾವು ಉಸಿರಾಡುವ ವಸ್ತುವೇ ಅಲ್ಲೂ ಇತ್ತು.

ಪ್ಲೇಗ್ ಕಾಲದ ಗ್ರಹಣ

1898ರ ಜನವರಿ 22ರಂದು ಭಾರತದಲ್ಲಿ ಮತ್ತೊಂದು ಸಂಪೂರ್ಣ ಸೂರ್ಯಗ್ರಹಣ. ಅದರ ನೆರಳು ಕೊಂಕಣ ಕರಾವಳಿಯಲ್ಲಿ ನೆಲ ಹತ್ತಿ, ಸೊಲ್ಲಾಪುರ ಸೀಮೆಯ ಮೇಲೆ ಹಾದು ಈಶಾನ್ಯಕ್ಕೆ ಸಾಗುವುದಿತ್ತು. ಜಗತ್ತಿನ ಖಗೋಳಜ್ಞರು ಮತ್ತೆ ಭಾರತದ ಕಡೆ ಹೊರಟರು.

ಕಾಲ ಮಾತ್ರ ಚೆನ್ನಾಗಿರಲಿಲ್ಲ. ಮುಂಬೈ, ಪುಣೆಗಳಲ್ಲಿ ಪ್ಲೇಗ್ ಹಬ್ಬಿತ್ತು. ಪ್ಲೇಗ್ ನಿಯಂತ್ರಣದ ಹೆಸರಿನಲ್ಲಿ ಮನೆ ಮನೆಗೆ ನುಗ್ಗಿ ಶೋಧ ನಡೆಸಿದ್ದರಿಂದ ಪುಣೆಯ ಜನ ರೊಚ್ಚಿಗೆದ್ದಿದ್ದರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಗುಂಡು ಹಾರಿಸಿದ್ದರು. ಅದೇ ವರ್ಷ ಲೋಕಮಾನ್ಯ ತಿಲಕರು ರಾಜದ್ರೋಹದ ಆರೋಪದಲ್ಲಿ ಜೈಲು ಸೇರಿದ್ದರು. ಇಂಥ ಊರಿನಿಂದ ಗಾಜು, ಕನ್ನಡಿ, ಫೋಟೊ ತಟ್ಟೆಗಳ ಪೆಟ್ಟಿಗೆಗಳನ್ನು ಕಟ್ಟಿಕೊಂಡು ನಾಯಗಾಮವಾಲಾ ತಂಡ ಜೇವೂರಿಗೆ ಹೊರಟಿತು.

ಜೇವೂರು ಇರುವುದು ಇಂದಿನ ಸೊಲ್ಲಾಪುರ ಜಿಲ್ಲೆಯಲ್ಲಿ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಪುಣೆಗೆ ಹೋದವರು ಸೊಲ್ಲಾಪುರ, ಕುರ್ಡುವಾಡಿ ದಾಟಿದ ಮೇಲೆ ಈ ಸಣ್ಣ ನಿಲ್ದಾಣವನ್ನು ಹಾದೇ ಹೋಗಿರುತ್ತಾರೆ. ರೈಲು ಮಾರ್ಗದ ಮೇಲೇ ಇದ್ದದ್ದು ಅದರ ದೊಡ್ಡ ಅನುಕೂಲ. ಅಮೆರಿಕದ ಲಿಕ್ ವೀಕ್ಷಣಾಲಯದ ವಿಲಿಯಂ ಕ್ಯಾಂಪ್‌ಬೆಲ್ ಕೂಡ ಪತ್ನಿ ಎಲಿಜಬೆತ್ ಜೊತೆ ಬಂದು ಜೇವೂರಿನಲ್ಲೇ ಡೇರೆ ಹಾಕಿದರು. ಅವರ ಬಳಿ 40 ಅಡಿ ಉದ್ದದ ಕ್ಯಾಮೆರಾ ಇತ್ತು. ಇದೇ ಕ್ಯಾಂಪ್‌ಬೆಲ್ 1922ರಲ್ಲಿ ಆಸ್ಟ್ರೇಲಿಯಾದ ಗ್ರಹಣದ ವೇಳೆ ಐನ್‌ಸ್ಟೈನ್ ಸಿದ್ಧಾಂತವನ್ನು ಪರೀಕ್ಷಿಸಿ ಗಟ್ಟಿ ಮಾಡಿದರು.

ಲಾಕಿಯರ್ ತಂಡ ಕೊಂಕಣದ ವಿಜಯದುರ್ಗ ಕೋಟೆಯಲ್ಲಿತ್ತು. ಅವರು ಹೀಲಿಯಂ ಕಂಡುಹಿಡಿದಿದ್ದು ಇದೇ ಕೋಟೆಯಲ್ಲಿ ಎಂಬ ಮಾತು ಸಾಮಾಜಿಕ ಜಾಲತಾಣಗಳಲ್ಲಿ ಓಡಾಡುತ್ತಿರುತ್ತದೆ. ಅದು ಸರಿಯಲ್ಲ. ಅವರು ವಿಜಯದುರ್ಗಕ್ಕೆ ಬಂದದ್ದು 1898ರಲ್ಲಿ. ಹೀಲಿಯಂ ಗೆರೆ ನೋಡಿದ್ದು ಅದಕ್ಕಿಂತ 30 ವರ್ಷ ಮೊದಲು, ಇಂಗ್ಲೆಂಡಿನಲ್ಲಿ.

ಜೇವೂರಿನಲ್ಲಿ ಸೂರ್ಯ ಪೂರ್ತಿ ಮರೆಯಾಗಿದ್ದು ಸುಮಾರು 2 ನಿಮಿಷ. ತಿಂಗಳುಗಟ್ಟಲೆ ತಯಾರಿ ಮಾಡಿದ್ದೆಲ್ಲ ಆ 2 ನಿಮಿಷಕ್ಕೆ. ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚುವ ಕ್ಷಣದಲ್ಲಿ ಸೂರ್ಯನ ಅಂಚಿನ ತೆಳುವಾದ ಅನಿಲದ ಪದರ ಮಾತ್ರ ಕಾಣುತ್ತದೆ. ಇದಕ್ಕೆ ವರ್ಣಗೋಳ ಎಂದು ಹೆಸರು. ಅಲ್ಲಿಯವರೆಗೆ ಕಪ್ಪಾಗಿ ಕಾಣುತ್ತಿದ್ದ ರೋಹಿತದ ಗೆರೆಗಳು ಆಗ ಸೆಕೆಂಡುಗಳ ಮಟ್ಟಿಗೆ ಥಟ್ಟನೆ ಹೊಳೆಯುತ್ತವೆ. ಆ ಹೊಳಪನ್ನೂ, ಸೂರ್ಯನ ಹೊರಗಿನ ಬೆಳ್ಳಿ ಬಣ್ಣದ ಪ್ರಭಾವಲಯವನ್ನೂ ರೋಹಿತ ಕ್ಯಾಮೆರಾದಲ್ಲಿ ಹಿಡಿಯುವುದು ಅಂದಿನ ಖಗೋಳಜ್ಞರ ದೊಡ್ಡ ಗುರಿ. ನಾಯಗಾಮವಾಲಾ ತಂಡವೂ ಅದನ್ನೇ ಮಾಡಿತು. ಕೆಲಸದ ವಿವರವಾದ ವರದಿ ಪುಣೆ ವೀಕ್ಷಣಾಲಯದ ಪ್ರಕಟಣೆಗಳ ಮೊದಲ ಸಂಪುಟವಾಗಿ 1902ರಲ್ಲಿ ಹೊರಬಂತು.

ಆ ದಿನ ಜೇವೂರಿನಿಂದ ಈಶಾನ್ಯಕ್ಕೆ, ತಾಳ್ನಿ ಎಂಬ ಊರಿನಲ್ಲಿ ಜಾನ್ ಎವರ್‌ಶೆಡ್ ಎಂಬ ಹವ್ಯಾಸಿ ಖಗೋಳಜ್ಞ ಇದೇ ಹೊಳಪಿನ ಚಿತ್ರ ತೆಗೆಯುತ್ತಿದ್ದರು. ಅವರ ಹೆಸರು ನೆನಪಿರಲಿ. ಪುಣೆಯ ಕಥೆಯ ಕೊನೆಯಲ್ಲಿ ಅವರು ಮತ್ತೆ ಬರುತ್ತಾರೆ.

ಬೆಟ್ಟದ ಮೇಲೆ ಸರ್ಕಾರಿ ವೀಕ್ಷಣಾಲಯ

ಪುಣೆಯಲ್ಲಿ ಈ ಕೆಲಸ ನಡೆಯುತ್ತಿದ್ದಾಗಲೇ ಭಾರತ ಸರ್ಕಾರ ಸೂರ್ಯನ ಅಧ್ಯಯನಕ್ಕೆ ದೊಡ್ಡ ವೀಕ್ಷಣಾಲಯವೊಂದನ್ನು ಕಟ್ಟಲು ಹೊರಟಿತ್ತು. ಕಾರಣ ಬರಗಾಲ. ಮೈಸೂರು ಸೀಮೆಯವರು ಧಾತು ಈಶ್ವರದ ಬರ ಎಂದು ಕರೆಯುವ 1876-78ರ ಭೀಕರ ಕ್ಷಾಮ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನರನ್ನು ಬಲಿ ಪಡೆದಿತ್ತು. ಸೂರ್ಯನ ಮೇಲಿನ ಕಲೆಗಳಿಗೂ ಮುಂಗಾರಿಗೂ ಸಂಬಂಧವಿದ್ದರೆ ಮುಂದಿನ ಬರವನ್ನು ಮೊದಲೇ ಊಹಿಸಬಹುದು ಎಂಬ ಆಸೆ ಅಧಿಕಾರಿಗಳಲ್ಲಿತ್ತು.

ಮದ್ರಾಸಿನ ಸರ್ಕಾರಿ ಖಗೋಳಜ್ಞ ಮಿಚಿ ಸ್ಮಿತ್ ನೇತೃತ್ವದಲ್ಲಿ ಆ ವೀಕ್ಷಣಾಲಯ ಕೊಡೈಕೆನಾಲ್ ಬೆಟ್ಟದ ಮೇಲೆ 1899ರಲ್ಲಿ ಸ್ಥಾಪನೆಯಾಯಿತು. 2,300 ಮೀಟರ್‌ಗೂ ಹೆಚ್ಚು ಎತ್ತರದ ಜಾಗ ಅದು. ಪುಣೆ ಇರುವುದು ಸುಮಾರು 560 ಮೀಟರ್ ಎತ್ತರದಲ್ಲಿ. ಎತ್ತರದ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿತ್ತು. ಕೊಡೈಕೆನಾಲ್‌ನಲ್ಲಿ ಇದ್ದದ್ದು ಸರ್ಕಾರಿ ಇಲಾಖೆ. ಒಬ್ಬ ನಿರ್ದೇಶಕ ಹೋದರೆ ಮತ್ತೊಬ್ಬರು ಬರುತ್ತಿದ್ದರು. ಪುಣೆಯ ವೀಕ್ಷಣಾಲಯ ನಿಂತಿದ್ದು ಒಬ್ಬ ಮಹಾರಾಜರ ದಾನದ ಮೇಲೆ ಮತ್ತು ಒಬ್ಬ ಪ್ರಾಧ್ಯಾಪಕರ ಆಸಕ್ತಿಯ ಮೇಲೆ.

ದಾನ ಕೊಟ್ಟ ತಖ್ತಸಿಂಹಜಿ 1896ರಲ್ಲೇ ತೀರಿಕೊಂಡಿದ್ದರು. ಉಳಿದಿದ್ದು ಪ್ರಾಧ್ಯಾಪಕರೊಬ್ಬರೇ.

1912: ಒಬ್ಬರ ನಿವೃತ್ತಿ, ಒಂದು ಸಂಸ್ಥೆಯ ಅಂತ್ಯ

1912ರಲ್ಲಿ ನಾಯಗಾಮವಾಲಾ ನಿವೃತ್ತರಾದರು. ಅವರಿಗೆ 55 ವರ್ಷ. ಅವರ ಜಾಗಕ್ಕೆ ವೀಕ್ಷಣಾಲಯ ನಡೆಸುವ ಮತ್ತೊಬ್ಬರು ಬರಲಿಲ್ಲ. ಅವರ ಜೊತೆಗೇ ತಖ್ತಸಿಂಹಜಿ ವೀಕ್ಷಣಾಲಯವನ್ನೂ ಮುಚ್ಚಲಾಯಿತು. ಉಪಕರಣಗಳನ್ನೆಲ್ಲ ಕೊಡೈಕೆನಾಲ್‌ಗೆ ಸಾಗಿಸಲಾಯಿತು. ಆಗ ಕೊಡೈಕೆನಾಲ್‌ನ ನಿರ್ದೇಶಕರಾಗಿದ್ದವರು ಜಾನ್ ಎವರ್‌ಶೆಡ್. 14 ವರ್ಷ ಹಿಂದೆ ತಾಳ್ನಿಯಲ್ಲಿ ಗ್ರಹಣದ ಚಿತ್ರ ತೆಗೆದಿದ್ದ ಅದೇ ವ್ಯಕ್ತಿ. ಅಷ್ಟರಲ್ಲಿ, 1909ರಲ್ಲಿ, ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ರೋಹಿತದ ಗೆರೆಗಳ ಮೂಲಕ ಪತ್ತೆ ಮಾಡಿ ಅವರು ಜಗತ್ಪ್ರಸಿದ್ಧರಾಗಿದ್ದರು.

ಅದೇ 1912ರ ಕೊನೆಗೆ ಪುಣೆ ಕಾಲೇಜಿನ ಹಳೆಯ ವಿದ್ಯಾರ್ಥಿ ವಿಶ್ವೇಶ್ವರಯ್ಯ ಮೈಸೂರಿನ ದಿವಾನರಾದರು. ವಿಶ್ವೇಶ್ವರಯ್ಯ ಆರಂಭಿಸಿದ ಮೈಸೂರು ವಿಶ್ವವಿದ್ಯಾಲಯ, ಮೈಸೂರು ಬ್ಯಾಂಕ್‌ನಂಥ ಸಂಸ್ಥೆಗಳು ಅವರು ಅಧಿಕಾರ ಬಿಟ್ಟ ಮೇಲೂ ನಡೆದವು. ಅವುಗಳ ಹಿಂದೆ ಕಾಯ್ದೆ, ಹುದ್ದೆ, ವಾರ್ಷಿಕ ಬಜೆಟ್ ಎಲ್ಲ ಇದ್ದವು. ನಾಯಗಾಮವಾಲಾ ಅವರ ವೀಕ್ಷಣಾಲಯಕ್ಕೆ ಸಿಗದೇ ಹೋದದ್ದು ಅದೇ. ದೂರದರ್ಶಕ ಚೆನ್ನಾಗಿತ್ತು, ಆಕಾಶ ಚೆನ್ನಾಗಿತ್ತು, ಕೆಲಸ ಮಾಡಿದವರೂ ಸಮರ್ಥರೇ. ಆದರೆ ಅವರ ನಂತರ ಯಾರು ಎಂಬ ಪ್ರಶ್ನೆಗೆ 24 ವರ್ಷದಲ್ಲಿ ಉತ್ತರ ಸಿದ್ಧವಾಗಿರಲಿಲ್ಲ.

ನಿವೃತ್ತಿಯ ನಂತರವೂ ನಾಯಗಾಮವಾಲಾ 26 ವರ್ಷ ಬದುಕಿದ್ದರು. ಆ 26 ವರ್ಷಗಳಲ್ಲಿ ರೋಹಿತ ವಿಜ್ಞಾನದಲ್ಲಿ ಭಾರತೀಯರು ಮಾಡಿದ ಸಾಧನೆ ಸಣ್ಣದಲ್ಲ. 1920ರಲ್ಲಿ ಮೇಘನಾದ ಸಹಾ ಸೂರ್ಯನ ವರ್ಣಗೋಳದ ಗೆರೆಗಳ ಒಗಟನ್ನು ಬಿಡಿಸುವ ಸೂತ್ರ ಕೊಟ್ಟರು. ಜೇವೂರಿನಂಥ ಗ್ರಹಣ ಶಿಬಿರಗಳಲ್ಲಿ ಖಗೋಳಜ್ಞರು ಬೆನ್ನಟ್ಟಿದ್ದು ಅದೇ ಗೆರೆಗಳನ್ನು. 1928ರಲ್ಲಿ ಸಿ.ವಿ. ರಾಮನ್ ಚದುರಿದ ಬೆಳಕಿನಲ್ಲಿ ಹೊಸ ಗೆರೆಗಳನ್ನು ಕಂಡರು. ಎರಡೇ ವರ್ಷದಲ್ಲಿ ನೊಬೆಲ್ ಬಂತು. 1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಇದೆಲ್ಲ ನಡೆದಾಗ ದೇಶದಲ್ಲಿ ಮೊದಲು ನಕ್ಷತ್ರಗಳ ಕಡೆ ರೋಹಿತದರ್ಶಕ ತಿರುಗಿಸಿದ ಹಿರಿಯರಲ್ಲಿ ಒಬ್ಬರು ಇನ್ನೂ ಬದುಕಿದ್ದರು. ನಾಯಗಾಮವಾಲಾ ನಿಧನರಾದದ್ದು 1938ರಲ್ಲಿ, 81ನೇ ವಯಸ್ಸಿನ ಹೊತ್ತಿಗೆ.

ವಸಿಷ್ಠನೂ ಒಬ್ಬನಲ್ಲ

ಪುಣೆಯಲ್ಲಿ ವೀಕ್ಷಣಾಲಯ ಸಿದ್ಧವಾದ ಮರುವರ್ಷವೇ, 1889ರಲ್ಲಿ, ರೋಹಿತ ವಿಜ್ಞಾನದಿಂದ ಒಂದು ಹೊಸ ಬಾಗಿಲು ತೆರೆಯಿತು. ನಮ್ಮ ಮದುವೆಗಳಲ್ಲಿ ವಧೂವರರಿಗೆ ಅರುಂಧತಿ ನಕ್ಷತ್ರ ತೋರಿಸುತ್ತಾರೆ. ಅದರ ಪಕ್ಕದಲ್ಲಿರುವ ಪ್ರಕಾಶಮಾನ ನಕ್ಷತ್ರ ವಸಿಷ್ಠ. ಹಾರ್ವರ್ಡ್‌ನ ಎಡ್ವರ್ಡ್ ಪಿಕರಿಂಗ್ ವಸಿಷ್ಠನ ರೋಹಿತ ನೋಡಿದಾಗ ಅದರ ಗೆರೆಗಳು ಕೆಲವು ದಿನ ಎರಡಾಗಿ, ಮತ್ತೆ ಕೆಲವು ದಿನ ಒಂದಾಗಿ ಕಂಡವು. ಅಲ್ಲಿ ಎರಡು ನಕ್ಷತ್ರಗಳು ಸುಮಾರು 20 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತಿವೆ ಎಂಬುದು ಗೆರೆಗಳಿಂದ ಗೊತ್ತಾಯಿತು. ನಕ್ಷತ್ರ ನಮ್ಮ ಕಡೆ ಬರುವಾಗ ಗೆರೆ ನೀಲಿಯತ್ತ, ದೂರ ಹೋಗುವಾಗ ಕೆಂಪಿನತ್ತ ಸರಿಯುತ್ತದೆ. ಲೆಕ್ಕ ಇಷ್ಟೇ.

ಇಂಥ ಜೋಡಿ ನಕ್ಷತ್ರಗಳಲ್ಲಿ ಕೆಲವು ತೀರಾ ಹತ್ತಿರ ಇರುತ್ತವೆ. ವಯಸ್ಸಾಗಿ ಒಂದು ನಕ್ಷತ್ರ ಊದಿಕೊಂಡಾಗ ಅದರ ಹೊರಪದರದ ಅನಿಲ ಹಿಡಿತ ತಪ್ಪಿ ಸಂಗಾತಿಯ ಕಡೆ ಹರಿಯತೊಡಗುತ್ತದೆ. ಅಭಿಜಿತ್ ನಕ್ಷತ್ರದ ಬಳಿ ಇರುವ ಬೀಟಾ ಲೈರೇ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿನ ಎರಡು ನಕ್ಷತ್ರಗಳು ಸುಮಾರು 13 ದಿನಕ್ಕೊಮ್ಮೆ ಸುತ್ತುತ್ತವೆ. ಒಂದರಿಂದ ಇನ್ನೊಂದಕ್ಕೆ ಅನಿಲ ಹರಿಯುವುದರಿಂದ ಆ ಸುತ್ತಿನ ಅವಧಿ ವರ್ಷಕ್ಕೆ ಸುಮಾರು 19 ಸೆಕೆಂಡಿನಂತೆ ಹೆಚ್ಚುತ್ತಿದೆ. ಅದರ ವಿಚಿತ್ರ ರೋಹಿತಕ್ಕೆ ನಕ್ಷತ್ರಗಳ ನಡುವಿನ ಅನಿಲದ ಹರಿವು ಕಾರಣ ಎಂದು ಆಟೊ ಸ್ಟ್ರೂವೆ 1941ರಲ್ಲಿ ವಿವರಿಸಿದರು.

ಕೆಲವು ಜೋಡಿಗಳಲ್ಲಿ ಈ ಹರಿವು ಸ್ಫೋಟಕ್ಕೆ ತಿರುಗುತ್ತದೆ. ಆರ್‌ಎಸ್ ಒಫಿಯೂಚಿ ಎಂಬ ಜೋಡಿಯಲ್ಲಿ ಕೆಂಪು ದೈತ್ಯ ನಕ್ಷತ್ರದ ಅನಿಲ ಪಕ್ಕದ ಶ್ವೇತ ಕುಬ್ಜದ ಮೇಲೆ ಶೇಖರವಾಗುತ್ತ ಹೋಗಿ, ಮಿತಿ ಮೀರಿದಾಗ ಸಿಡಿಯುತ್ತದೆ. ಈ ಜೋಡಿ ಸಿಡಿದ ಮೊದಲ ದಾಖಲೆ 1898ರದು. ಜೇವೂರಿನ ಗ್ರಹಣ ನಡೆದ ವರ್ಷವೇ ಅದು. ಆ ನಂತರ ಹಲವು ಸಲ ಸಿಡಿದಿದೆ, ಕೊನೆಯ ಸಲ 2021ರಲ್ಲಿ. 2006ರ ಸ್ಫೋಟವನ್ನು ಪುಣೆ ಜಿಲ್ಲೆಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಕೂಡ ಆಲಿಸಿತು.

100 ವರ್ಷದ ನಂತರ ಮತ್ತೆ ಪುಣೆ

ಪುಣೆಯಿಂದ ಹೋದ 20 ಇಂಚಿನ ಕನ್ನಡಿಗೆ ಕೊಡೈಕೆನಾಲ್‌ನಲ್ಲಿ ಭಾವನಗರ ದೂರದರ್ಶಕ ಎಂಬ ಹೆಸರು ಉಳಿಯಿತು. ದಾನಿಯ ನೆನಪು ಅದರಲ್ಲಿದೆ, ಅದನ್ನು ತರಿಸಿ ದುಡಿದವರ ಹೆಸರಿಲ್ಲ. ಕೊಡೈಕೆನಾಲ್ ವೀಕ್ಷಣಾಲಯ ಇಂದು ಬೆಂಗಳೂರಿನ ಕೋರಮಂಗಲದಲ್ಲಿ ಕಚೇರಿ ಇರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಭಾಗ.

ಪುಣೆಗೆ ಖಭೌತ ವಿಜ್ಞಾನ ಮರಳಿದ್ದು 1988ರಲ್ಲಿ. ತಖ್ತಸಿಂಹಜಿ ವೀಕ್ಷಣಾಲಯ ಸಿದ್ಧವಾಗಿ ಸರಿಯಾಗಿ 100 ವರ್ಷಕ್ಕೆ, ಜಯಂತ್ ನಾರ್ಳೀಕರ್ ನೇತೃತ್ವದಲ್ಲಿ ಐಯುಕಾ ಸಂಸ್ಥೆ ಶುರುವಾಯಿತು. ದೇಶದ ವಿಶ್ವವಿದ್ಯಾಲಯಗಳ ಖಗೋಳಾಸಕ್ತರೆಲ್ಲ ಬಂದು ಕೆಲಸ ಮಾಡಲು ಕಟ್ಟಿದ ಕೇಂದ್ರ ಅದು. ನಾರ್ಳೀಕರ್ 2003ರಲ್ಲಿ ನಿರ್ದೇಶಕ ಹುದ್ದೆಯಿಂದ ಇಳಿದ ಮೇಲೆ ಅಲ್ಲಿಗೆ ಬೇರೆ ನಿರ್ದೇಶಕರು ಬಂದರು, ಕೆಲಸ ನಿಲ್ಲಲಿಲ್ಲ.

ಪುಣೆಯಿಂದ ಸುಮಾರು 80 ಕಿ.ಮೀ. ದೂರದ ಗಿರಾವಲಿಯಲ್ಲಿ ಐಯುಕಾದ 2 ಮೀಟರ್ ದೂರದರ್ಶಕವಿದೆ. 2006ರಲ್ಲಿ ಲೋಕಾರ್ಪಣೆಯಾದ ಅದಕ್ಕೆ ಅಳವಡಿಸಿರುವ ಮುಖ್ಯ ಉಪಕರಣಗಳಲ್ಲಿ ಒಂದು ಮಸುಕು ಕಾಯಗಳ ರೋಹಿತ ತೆಗೆಯುವ ಕ್ಯಾಮೆರಾ. ಕನ್ನಡಿ ನಾಯಗಾಮವಾಲಾ ಅವರದಕ್ಕಿಂತ ನಾಲ್ಕು ಪಟ್ಟು ಅಗಲ. ಅದು ಮಾಡುವ ಕೆಲಸ ಮಾತ್ರ ಅದೇ: ಮಳೆಗಾಲ ಮುಗಿದು ಆಕಾಶ ತಿಳಿಯಾದ ರಾತ್ರಿಗಳಲ್ಲಿ ದೂರದ ಬೆಳಕನ್ನು ಪಟ್ಟಿಯಾಗಿ ಹರಡಿ, ಗೆರೆಗಳು ಎಲ್ಲಿವೆ, ಚೂಪಾಗಿವೆಯೋ ಮಬ್ಬಾಗಿವೆಯೋ ಎಂದು ನೋಡುವುದು.